ಊರಿನ ಪಿನ್‌ಕೋಡ್ ಒಡೆದು ನೋಡೋಣ

ಅಕ್ಕನ ಮಗಳು ರಜೆಗೆಂದು ಬಾಗಲಕೋಟೆಯಿಂದ ವಿಜಯಪುರಕ್ಕೆ, ನಮ್ಮ ಮನೆಗೆ ಬಂದಿದ್ದಳು. ಎಂಟನೇ ಕ್ಲಾಸಿನ ಹುಡುಗಿ. ಮಧ್ಯಾಹ್ನ ಕರೆಂಟ್ ಹೋಗಿತ್ತು, ಮೊಬೈಲ್ ಚಾರ್ಜೂ ಮುಗಿಯುತ್ತ ಬಂದಿತ್ತು. ಹಿಂದಿನ ದಿನ ಅಕ್ಕ ಕಳಿಸಿದ್ದ ಖಣದ ಪಾರ್ಸಲ್ ಇನ್ನೂ ಟೇಬಲ್ ಮೇಲೇ ಇತ್ತು. ಅದರ ಮೇಲೆ ಎರಡು ಪಿನ್‌ಕೋಡ್. ಕಳಿಸಿದವರದು 587101, ನಮ್ಮದು 586101. ಅಂಗಡಿ ಲೆಕ್ಕದ ಹಳೇ ಕ್ಯಾಲ್ಕುಲೇಟರ್ ಅವಳ ಕೈಗೆ ಕೊಟ್ಟು, "ಸುಮ್ನೆ ಕೂಡಬ್ಯಾಡ, ಇವೆರಡನ್ನೂ ಒಡೆದು ನೋಡು" ಎಂದೆ. ಒಡೆಯುವುದು ಅಂದರೆ, ಯಾವ ಯಾವ ಚಿಕ್ಕ ಸಂಖ್ಯೆಗಳನ್ನು ಗುಣಿಸಿದರೆ ಇದು ಬರುತ್ತದೆ ಎಂದು ಹುಡುಕುವುದು.

ನಮ್ಮ ಊರಿನದು ಅರ್ಧ ಗಂಟೆಗೆ ಒಡೆಯಿತು. ಅವಳ ಊರಿನದು ದೀಪ ಹಚ್ಚುವ ಹೊತ್ತಾದರೂ ಒಡೆಯಲಿಲ್ಲ. "ಮಾಮಾ, ಇದು ಯಾವುದಕ್ಕೂ ಭಾಗ ಹೋಗವಲ್ದು" ಎಂದು ಪಟ್ಟಿ ಮುಚ್ಚಿಟ್ಟಳು. ಅವಳು ಹೇಳಿದ್ದು ನಿಜವೇ ಆಗಿತ್ತು. ಯಾಕೆ, ಹೇಗೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ. ನಿಮ್ಮ ಊರಿನ ಸಂಖ್ಯೆ ಇಟ್ಟುಕೊಂಡು ಜೊತೆಗೇ ಮಾಡುತ್ತ ಬನ್ನಿ. ಒಂದು ಪಟ್ಟಿ, ಪೆನ್ನು, 8 ಅಂಕಿಯ ಸಾದಾ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಸಂಖ್ಯೆ ಆರಿಸಿ

ಪಿನ್‌ಕೋಡ್ ಯಾಕೆ ಅಂದರೆ, ಅದು ಎಲ್ಲರಿಗೂ ಬಾಯಿಪಾಠ ಇರುತ್ತದೆ, ಮುಚ್ಚಿಡುವಂಥದ್ದೂ ಅಲ್ಲ. ಆಧಾರ್ ನಂಬರ್, ಮೊಬೈಲ್ ನಂಬರ್, ಬ್ಯಾಂಕ್ ಖಾತೆ ನಂಬರ್ ಇದಕ್ಕೆ ಬೇಡ. ಪಟ್ಟಿಯಲ್ಲಿ ಬರೆದರೆ ತೊಂದರೆ ಇಲ್ಲ, ಆದರೆ ಉತ್ತರ ಸಿಗಲಿಲ್ಲ ಅಂತ ಯಾವುದೋ ವೆಬ್‌ಸೈಟಿಗೆ ಹಾಕುವ ಆಸೆ ಬರುತ್ತದೆ ನೋಡಿ, ಅದಕ್ಕೆ.

ಪಿನ್‌ಕೋಡ್ ಪದ್ಧತಿ ನಮ್ಮ ದೇಶದಲ್ಲಿ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ಸೇರಿ ಟಪಾಲು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿ. ಅಂದರೆ ಇದು ಎಣಿಸಿ ಬಂದ ಸಂಖ್ಯೆ ಅಲ್ಲ, ಒಂದು ಗುರುತು ಅಷ್ಟೇ. ಗುರುತನ್ನೇ ಸಂಖ್ಯೆ ಅಂದುಕೊಂಡು ಓದುವುದು ನಮ್ಮ ಆಟ. 5,86,101. ಐದು ಲಕ್ಷ ಎಂಬತ್ತಾರು ಸಾವಿರದ ನೂರಾ ಒಂದು.

ಇದನ್ನು ದೊಡ್ಡ ಸಂಖ್ಯೆ ಅನ್ನಬಹುದಾ? ಭಾಸ್ಕರಾಚಾರ್ಯನ ಮುಂದೆ ಅಂದರೆ ನಕ್ಕಾನು. 1150ರ ಸುಮಾರಿನ ತನ್ನ ಲೀಲಾವತಿಯಲ್ಲಿ ಅವನು ಏಕ, ದಶ, ಶತದಿಂದ ಶುರು ಮಾಡಿ ಪರಾರ್ಧದವರೆಗೆ 18 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಪರಾರ್ಧ ಅಂದರೆ 1ರ ಮುಂದೆ 17 ಸೊನ್ನೆ. ತನ್ನ ಊರು ವಿಜ್ಜಡವಿಡ ಎಂದು ಅವನೇ ಬರೆದುಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ಇಲ್ಲಿಯವರು, ಅಲ್ಲ, ಮಹಾರಾಷ್ಟ್ರದಲ್ಲಿದೆ ಎಂದು ಬೇರೆಯವರು. ಆ ಜಗಳ ಇವತ್ತಿಗೂ ಮುಗಿದಿಲ್ಲ.

ಕೈ ಕೆಸರಾಗದ ಪರೀಕ್ಷೆಗಳು

ಕೊನೆಯ ಅಂಕಿ ನೋಡಿ. ಸಮ ಅಂಕಿ ಇದ್ದರೆ 2ಕ್ಕೆ ಹೋಗುತ್ತದೆ, 0 ಅಥವಾ 5 ಇದ್ದರೆ 5ಕ್ಕೆ. ನಮ್ಮೆರಡೂ 1ರಲ್ಲಿ ಮುಗಿಯುತ್ತವೆ, ಎರಡಕ್ಕೂ ಇಲ್ಲ.

ಮುಂದಿನದು 3. ಅಂಕಿಗಳನ್ನೆಲ್ಲ ಕೂಡಿಸಿ. 5+8+6+1+0+1 = 21. ಇದು 3ಕ್ಕೆ ಹೋಗುತ್ತದೆ, ಹಾಗಾಗಿ 586101 ಕೂಡ ಹೋಗುತ್ತದೆ. 21 ಎಂಬುದು 9ಕ್ಕೆ ಹೋಗುವುದಿಲ್ಲ, ಹಾಗಾಗಿ ಇಡೀ ಸಂಖ್ಯೆಯೂ 9ಕ್ಕೆ ಹೋಗದು. ಕಾರಣ ಸುಲಭ. 10, 100, 1000 ಇವೆಲ್ಲ 9ರ ಮಗ್ಗಿಗಿಂತ ಒಂದೇ ಒಂದು ಜಾಸ್ತಿ. ಆ ಒಂದೊಂದು ಉಳಿಕೆಯೇ ಅಂಕಿಗಳ ಮೊತ್ತವಾಗಿ ನಿಲ್ಲುತ್ತದೆ. ಬಾಗಲಕೋಟೆಯ ಮೊತ್ತ 22, ಅಲ್ಲಿ 3ಕ್ಕೆ ದಾರಿ ಇಲ್ಲ.

7, 11, 13 ಈ ಮೂರನ್ನೂ ಒಟ್ಟಿಗೆ ಮುಗಿಸುವ ಒಂದು ಉಪಾಯ ಇದೆ. ಶಾಲೆಯಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. 7×11×13 = 1001. ಹಾಗಾಗಿ ಆರಂಕಿಯ ಸಂಖ್ಯೆಯನ್ನು ಮೂರು ಮೂರು ಅಂಕಿಗೆ ಕತ್ತರಿಸಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ. 587−101 = 486. ಈಗ 486ನ್ನು ಮಾತ್ರ ನೋಡಿದರೆ ಸಾಕು. 7ಕ್ಕೆ 3 ಉಳಿಯುತ್ತದೆ, 11ಕ್ಕೆ 2, 13ಕ್ಕೆ 5. ಯಾವುದಕ್ಕೂ ಇಲ್ಲ. ವಿಜಯಪುರಕ್ಕೆ 586−101 = 485, ಅದೂ ಮೂರಕ್ಕೂ ಇಲ್ಲ. ಬಾಯಿಲೆಕ್ಕದಲ್ಲೇ ಆರು ಸಂಖ್ಯೆಗಳ ಪರೀಕ್ಷೆ ಮುಗಿಯಿತು.

ಬೇಲಿ ಹಾಕಿಕೊಳ್ಳಿ

ಇನ್ನು 17, 19, 23 ಎಂದು ಅವಿಭಾಜ್ಯ ಸಂಖ್ಯೆಗಳಿಂದ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದಕ್ಕೂ ಭಾಗ ಹೋಗದ ಸಂಖ್ಯೆಗಳಿಂದ, ಒಂದೊಂದಾಗಿ ಭಾಗಿಸುತ್ತ ಹೋಗಬೇಕು. ಆದರೆ ಎಲ್ಲಿಯವರೆಗೆ? ಇಲ್ಲೇ ಹುಡುಗರು ಸೋಲುವುದು. ವರ್ಗಮೂಲದವರೆಗೆ ಹೋದರೆ ಸಾಕು. ಒಂದು ಸಂಖ್ಯೆ ಎರಡು ತುಂಡಾದರೆ ಎರಡೂ ತುಂಡು ವರ್ಗಮೂಲಕ್ಕಿಂತ ದೊಡ್ಡದಿರಲು ಸಾಧ್ಯವಿಲ್ಲ, ಗುಣಿಸಿದರೆ ಸಂಖ್ಯೆಯನ್ನೇ ಮೀರಿಬಿಡುತ್ತವೆ. 766×766 = 586756, 767×767 = 588289. ಬಾಗಲಕೋಟೆಯ 587101 ಇವೆರಡರ ನಡುವೆ ಇದೆ. ಅಂದರೆ 766ರ ಹತ್ತಿರ ಬೇಲಿ.

ವಿಜಯಪುರಕ್ಕೆ ಬೇಲಿ ಇನ್ನೂ ಹತ್ತಿರ ಬರುತ್ತದೆ. ಆಗಲೇ 3 ಸಿಕ್ಕಿದೆ ಅಲ್ವಾ, ಅದನ್ನು ತೆಗೆದುಬಿಡಿ. 586101 ÷ 3 = 195367. ಮತ್ತೊಮ್ಮೆ 3ಕ್ಕೆ ನೋಡಿ, ಅಂಕಿಗಳ ಮೊತ್ತ 31, ಇಲ್ಲ. ಇನ್ನು ಒಡೆಯಬೇಕಾದ್ದು 195367 ಮಾತ್ರ. 442×442 = 195364. ಮೂರರಲ್ಲಿ ತಪ್ಪಿತು! ಬೇಲಿ 442. ಸಿಕ್ಕ ತುಂಡನ್ನು ಕೂಡಲೇ ತೆಗೆದು ಹೊಸ ಬೇಲಿ ಹಾಕುವ ಅಭ್ಯಾಸ ಮಾಡಿಕೊಳ್ಳಿ, ಅರ್ಧ ಕೆಲಸ ಕಡಿಮೆಯಾಗುತ್ತದೆ.

ಭಾಗಿಸುತ್ತ ಹೋಗಿ

ಪಟ್ಟಿಯ ಎಡಗಡೆ ಅವಿಭಾಜ್ಯಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕ್ಯಾಲ್ಕುಲೇಟರಿನಲ್ಲಿ ಭಾಗಿಸಿ. ಬಿಂದುವಿನ ಮುಂದೆ ಏನಾದರೂ ಬಂದರೆ ಗೀಟು ಹೊಡೆದು ಮುಂದಕ್ಕೆ. 195367ಕ್ಕೆ ನಮ್ಮ ಹುಡುಗಿಯ ಕೊನೆಯ ಮೂರು ಸಾಲು ಹೀಗಿದ್ದವು:

71 — 2751.6478
73 — 2676.2602
79 — 2473

ಮೂರನೆಯದಕ್ಕೆ ಅವಳು ಕ್ಯಾಲ್ಕುಲೇಟರನ್ನೇ ಕುಲುಕಿ ನೋಡಿದಳು, ಕೆಟ್ಟಿದೆಯೇನೋ ಎಂದು. ಕೆಟ್ಟಿರಲಿಲ್ಲ. 79×2473 = 195367.

ಇನ್ನು 2473. ಇದನ್ನು ಮತ್ತೆ ಮೊದಲಿನಿಂದ ಒಡೆಯಬೇಕಾ? ಬೇಡ. ಇದಕ್ಕೆ 79ಕ್ಕಿಂತ ಚಿಕ್ಕ ತುಂಡು ಇದ್ದಿದ್ದರೆ ಆ ತುಂಡಿಗೆ 195367 ಕೂಡ ಆಗಲೇ ಹೋಗಿರುತ್ತಿತ್ತು. 2473ರ ಬೇಲಿಯೋ 49ರಲ್ಲೇ ಮುಗಿಯುತ್ತದೆ. ಹಾಗಾಗಿ ಅದು ಅವಿಭಾಜ್ಯ, ಒಂದೂ ಹೊಸ ಭಾಗಾಕಾರ ಬೇಕಿಲ್ಲ. ಇಡೀ ಲೆಕ್ಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಇದೇ.

ವಿಜಯಪುರ: 586101 = 3 × 79 × 2473.

ತಾಳೆ ನೋಡಿ

ನಾನಿಲ್ಲಿ ಒಂದು ತಪ್ಪು ಮಾಡಿದೆ. ಉತ್ತರವನ್ನು ಚೊಕ್ಕ ಮಾಡಿ ಬರೆಯುವಾಗ 2473 ಹೋಗಿ 2743 ಆಯಿತು. ಒಂಬತ್ತರ ತಾಳೆ ನೋಡಿದೆ. ಪ್ರತಿ ಸಂಖ್ಯೆಯ ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡಿಸುವುದು, ಅಷ್ಟೇ. 3 ಹಾಗೇ 3. 79 ಹೋಗಿ 16, ಅದು ಹೋಗಿ 7. 2743 ಕೂಡ 16, ಮತ್ತೆ 7. 3×7×7 = 147, ಕೂಡಿಸಿದರೆ 12, ಮತ್ತೆ 3. ಅತ್ತ 586101ರ ಮೊತ್ತ 21, ಅದೂ 3. ತಾಳೆ ಆಯಿತು! ಆದರೆ ಉತ್ತರ ತಪ್ಪು.

ಅಂಕಿ ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ, ಒಂಬತ್ತಿಗೆ ಆ ಕಳ್ಳ ಸಿಗುವುದಿಲ್ಲ. ಹನ್ನೊಂದರ ತಾಳೆ ಹಿಡಿಯುತ್ತದೆ. ಬಲಗಡೆಯಿಂದ ಒಂದು ಅಂಕಿ ಕೂಡಿಸಿ, ಮುಂದಿನದನ್ನು ಕಳೆಯಿರಿ, ಹೀಗೇ ಹೋಗಿ. 586101ಕ್ಕೆ 1−0+1−6+8−5 = −1, ಅಂದರೆ 11ರ ಲೆಕ್ಕದಲ್ಲಿ 10. 79ಕ್ಕೆ 9−7 = 2. ಸರಿಯಾದ 2473ಕ್ಕೆ 3−7+4−2 = −2, ಅಂದರೆ 9. ಗುಣಿಸಿದರೆ 3×2×9 = 54, 11ರಿಂದ ಭಾಗಿಸಿದರೆ 10 ಉಳಿಯುತ್ತದೆ. ಸರಿ. ನನ್ನ ತಪ್ಪು 2743ಕ್ಕೆ 3−4+7−2 = 4, ಗುಣಿಸಿದರೆ 24, ಉಳಿಯುವುದು 2. ಸಿಕ್ಕಿಬಿದ್ದೆ. ಎರಡೂ ತಾಳೆ ನೋಡಿ, ಒಂದನ್ನೇ ನಂಬಬೇಡಿ.

ಒಡೆಯದ ಬಾಗಲಕೋಟೆ

766ರ ಒಳಗೆ 135 ಅವಿಭಾಜ್ಯ ಸಂಖ್ಯೆಗಳಿವೆ. ಬಾಯಿಲೆಕ್ಕದಲ್ಲಿ ಮುಗಿದ ಆರನ್ನು ಬಿಟ್ಟರೆ 129 ಭಾಗಾಕಾರ. ನಡುವೆ ಮಿರ್ಚಿ ಭಜಿ ಬಂತು, ಚಹಾ ಬಂತು, ಹುಡುಗಿ ಬಿಡಲಿಲ್ಲ.

103ಕ್ಕೆ ಬಂದಾಗ "ಹೋತು!" ಎಂದು ಕೂಗಿದಳು. ಕ್ಯಾಲ್ಕುಲೇಟರಿನಲ್ಲಿ 5700 ಕಂಡಿತ್ತಂತೆ. ಇಣುಕಿದೆ. 5700.0097. 103×5700 = 587100, ಒಂದೇ ಒಂದು ಕಡಿಮೆ. 19ಕ್ಕೂ ಹಿಂದೆ ಹೀಗೇ ಆಗಿತ್ತು, 19×30900 ಕೂಡ 587100. ಇನ್ನು 373 ಬೇರೆ ಥರ ಆಡಿಸಿತು. 1573.9973 ತೋರಿಸಿತು. 373×1574 = 587102, ಈ ಸಲ ಒಂದು ಜಾಸ್ತಿ. ಬಿಂದುವಿನ ಮುಂದೆ ಸೊನ್ನೆ ಸೊನ್ನೆ, ಇಲ್ಲವೇ 99 ಬಂದಾಗಲೇ ಎಚ್ಚರ ಬೇಕು. ಅನುಮಾನ ಬಂದರೆ ತಿರುಗಿ ಗುಣಿಸಿ ನೋಡಿ.

ಕೊನೆಯ ಅವಿಭಾಜ್ಯ 761. ಅದಕ್ಕೆ 370 ಶೇಷ ಉಳಿಯಿತು. ಅಲ್ಲಿಗೆ ಬೇಲಿ ಮುಗಿಯಿತು. 587101 ಅವಿಭಾಜ್ಯ ಸಂಖ್ಯೆ.

ಇದೇನು ಪವಾಡ ಅಲ್ಲ. ಐದು ಲಕ್ಷ ಎಂಬತ್ತು ಸಾವಿರದ ಆಸುಪಾಸಿನಲ್ಲಿ ಸರಾಸರಿ 13 ಸಂಖ್ಯೆಗೆ ಒಂದು ಅವಿಭಾಜ್ಯ ಸಿಗುತ್ತದೆ. 1, 3, 7, 9ರಲ್ಲಿ ಮುಗಿಯುವ ಸಂಖ್ಯೆಗಳನ್ನಷ್ಟೇ ಎಣಿಸಿದರೆ ಐದಕ್ಕೆ ಒಂದರ ಹತ್ತಿರ. ಆದರೂ ಸ್ವಂತ ಊರಿನದು ಅವಿಭಾಜ್ಯ ಅಂದರೆ ಹೆಮ್ಮೆ ಬೇರೆ. ಹುಡುಗಿ ಅವತ್ತು ರಾತ್ರಿ ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೇ ಹೇಳಿದ್ದು.

ತುಂಡುಗಳಿಂದ ಏನೇನು ತಿಳಿಯುತ್ತದೆ

ಒಡೆದ ಮೇಲೆ ಉಳಿದ ಗುಣಗಳು ತಾವಾಗಿಯೇ ಬರುತ್ತವೆ. ವಿಜಯಪುರಕ್ಕೆ ಮೂರು ಬೇರೆ ಬೇರೆ ತುಂಡು, ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. 2×2×2, ಒಟ್ಟು 8 ಭಾಜಕಗಳು: 1, 3, 79, 237, 2473, 7419, 195367, ಮತ್ತೆ ಅದೇ 586101. ತನ್ನನ್ನು ಬಿಟ್ಟು ಉಳಿದ ಏಳನ್ನು ಕೂಡಿಸಿದರೆ 205579. ಸಂಖ್ಯೆಯ ಅರ್ಧಕ್ಕೂ ಬರಲಿಲ್ಲ. 6, 28, 496ರಂಥ ಸಂಖ್ಯೆಗಳಲ್ಲಿ ಈ ಮೊತ್ತ ಸರಿಯಾಗಿ ಸಂಖ್ಯೆಗೇ ಸಮ ಬರುತ್ತದೆ, ಅವನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. ನಮ್ಮದು ಅದರಿಂದ ಬಲು ದೂರ.

ಬಾಗಲಕೋಟೆಗೆ ಎರಡೇ ಭಾಜಕ, ಹೇಳಲಿಕ್ಕೆ ಏನೂ ಇಲ್ಲ ಅನ್ನಿಸಬಹುದು. ಆದರೆ ಅದರ ಹತ್ತಿರ ಒಂದು ಗುಟ್ಟು ಇದೆ. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಒಂದು ಪತ್ರದಲ್ಲಿ ಇದನ್ನು ಬರೆದ, ನೂರು ವರ್ಷದ ಮೇಲೆ ಆಯ್ಲರ್ ಎಂಬ ಇನ್ನೊಬ್ಬ ಗಣಿತಜ್ಞ ಸಾಧಿಸಿ ತೋರಿಸಿದ. 4ಕ್ಕೆ ಕೊನೆಯ ಎರಡು ಅಂಕಿ ನೋಡಿದರೆ ಸಾಕು. 01, ಶೇಷ 1. ಅಂದರೆ ಆ ಎರಡು ವರ್ಗಗಳು ಎಲ್ಲೋ ಇವೆ.

ಹುಡುಕುವುದು ಹೀಗೆ. ಬೇಲಿಯಿಂದ ಕೆಳಗೆ ಇಳಿಯುತ್ತ ಬನ್ನಿ. 766ರ ವರ್ಗ ಕಳೆದರೆ 345 ಉಳಿಯುತ್ತದೆ, ಅದು ವರ್ಗ ಅಲ್ಲ. 765ರದು ಕಳೆದರೆ 1876, ಅಲ್ಲ. 2, 3, 7, 8ರಲ್ಲಿ ಮುಗಿಯುವ ಉಳಿಕೆಯನ್ನು ನೋಡಲೇಬೇಡಿ, ಯಾವ ವರ್ಗವೂ ಹಾಗೆ ಮುಗಿಯುವುದಿಲ್ಲ. ಉಳಿದವಕ್ಕೆ ವರ್ಗಮೂಲದ ಗುಂಡಿ ಒತ್ತಿ. ತಾಳ್ಮೆ ಬೇಕು. 41ನೇ ಪ್ರಯತ್ನಕ್ಕೆ 726 ಬರುತ್ತದೆ. 726ರ ವರ್ಗ 527076, ಕಳೆದರೆ 60025. ಅದು 245ರ ವರ್ಗ!

587101 = 726² + 245².

ವಿಜಯಪುರದ ಸಂಖ್ಯೆಯೂ 01ರಲ್ಲೇ ಮುಗಿಯುತ್ತದಲ್ಲ, ಅದಕ್ಕೂ ಹುಡುಕೋಣ ಅಂದಳು ಹುಡುಗಿ. ಬೇಡ ಎಂದೆ. ಯಾವ ವರ್ಗವನ್ನಾದರೂ 3ರಿಂದ ಭಾಗಿಸಿ, ಶೇಷ 0 ಇಲ್ಲವೇ 1, ಎಂದೂ 2 ಬರುವುದಿಲ್ಲ. ಎರಡು ವರ್ಗಗಳ ಮೊತ್ತ 3ಕ್ಕೆ ಹೋಗಬೇಕಾದರೆ ಎರಡೂ 3ಕ್ಕೆ ಹೋಗಲೇಬೇಕು. ಆಗ ಮೊತ್ತ 9ಕ್ಕೂ ಹೋಗುತ್ತದೆ. 586101 ಎಂಬುದು 3ಕ್ಕೆ ಹೋಗುತ್ತದೆ, 9ಕ್ಕೆ ಇಲ್ಲ. ಹಾಗಾಗಿ ಎಷ್ಟು ಹುಡುಕಿದರೂ ಸಿಗದು. ಹುಡುಕುವ ಮುಂಚೆಯೇ ಸಿಗದು ಅಂತ ಗೊತ್ತಾಗುವುದು ಎಷ್ಟು ದೊಡ್ಡ ಉಳಿತಾಯ ನೋಡಿ.

ಮೈ ಯಾವುದು, ಅಂಗಿ ಯಾವುದು

ಈಗ ಒಂದು ಮೋಜು. ಸಂಖ್ಯೆಯನ್ನು ಹಿಂದುಮುಂದಾಗಿ ಬರೆದು ಕೂಡಿಸಿ.

586101 + 101685 = 687786
587101 + 101785 = 688886

ಎರಡೂ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಬೆಳಗಾವಿಯ 590001 ತೆಗೆದುಕೊಳ್ಳಿ, 100095 ಕೂಡಿಸಿ, 690096. ಅದೂ ಹಾಗೇ! ಮೂರು ಊರಿಗೂ ಒಂದೇ ಏಟಿಗೆ. ಇಂಥದ್ದನ್ನು ವಾಟ್ಸಾಪಿನಲ್ಲಿ ಹಾಕಿದರೆ "ನಮ್ಮ ನೆಲದ ಮಹಿಮೆ" ಎಂದು ಊರೆಲ್ಲ ಸುತ್ತುತ್ತದೆ. ಮಹಿಮೆ ಏನೂ ಇಲ್ಲ. ಕೂಡಿಸುವಾಗ ಎಲ್ಲೂ ದಶಕ ಬರಲಿಲ್ಲ, ಅಷ್ಟೇ. ದಶಕ ಬರದಿದ್ದರೆ ಮೊದಲ ಅಂಕಿಗೂ ಕೊನೆಯ ಅಂಕಿಗೂ ಅದೇ ಎರಡರ ಮೊತ್ತ ಬರಲೇಬೇಕು. ಅಂಕಿಗಳು ಚಿಕ್ಕವು, ಸೊನ್ನೆಗಳು ಬೇಕಾದಷ್ಟು, ಅದಕ್ಕೇ ಹೀಗೆ.

ಒಂದು ಸಂಖ್ಯೆಯ ಗುಣ ಅಂದಾಗ ನಾನು ಮೊದಲು ಕೇಳುವುದು ಇದನ್ನೇ: ಇದು ಸಂಖ್ಯೆಯ ಮೈಯೋ, ಮೇಲಿನ ಅಂಗಿಯೋ? 587101 ಕಾಳು ಜೋಳವನ್ನು ಸಮ ಸಾಲುಗಳಲ್ಲಿ ಜೋಡಿಸಲು ಬರುವುದಿಲ್ಲ. ಅದನ್ನು ಹತ್ತರ ಲೆಕ್ಕದಲ್ಲಿ ಬರೆಯಿರಿ, ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ ಬರೆಯಿರಿ, ಆ ಮಾತು ಬದಲಾಗದು. ಅದು ಮೈ. ಹಿಂದುಮುಂದು ಒಂದೇ ಓದು ಎಂಬುದು ನಾವು ಹತ್ತು ಬೆರಳಿನಲ್ಲಿ ಎಣಿಸುತ್ತೇವೆ ಎಂಬುದಕ್ಕೆ ಬಂದ ಅಂಗಿ.

ಅಂಗಿಯೂ ಚೆಂದ ಇರಬಹುದು, ಅದು ಬೇರೆ ಮಾತು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯನಿಗೆ ಇಂಥ ಸಂಖ್ಯೆಗಳ ಹುಚ್ಚು ಇತ್ತು. ಮುತ್ತಿನ ಹಾರದಂತೆ ಕಾಣುವ ಗುಣಲಬ್ಧಗಳನ್ನು ಹುಡುಕಿಟ್ಟಿದ್ದಾನೆ. ಕ್ಯಾಲ್ಕುಲೇಟರ್ ಕೈಯಲ್ಲಿದ್ದರೆ 152207ನ್ನು 73ರಿಂದ ಗುಣಿಸಿ ನೋಡಿ. ಉತ್ತರ ಇಲ್ಲಿ ಬರೆಯುವುದಿಲ್ಲ.

ಇನ್ನೂ ದೊಡ್ಡದು ಬೇಕಾದರೆ

ಹತ್ತಂಕಿಯ ಸಂಖ್ಯೆಗೆ ಬೇಲಿ 1 ಲಕ್ಷದವರೆಗೂ ಹೋಗಬಹುದು, ಅದರೊಳಗೆ 9592 ಅವಿಭಾಜ್ಯಗಳು. ಕೈಯಲ್ಲಿ ಆಗದ ಕೆಲಸ. 8 ಅಂಕಿಯ ಕ್ಯಾಲ್ಕುಲೇಟರಿಗೆ ಆ ಸಂಖ್ಯೆ ಹಿಡಿಸುವುದೇ ಇಲ್ಲ. ಲಿನಕ್ಸ್ ಇರುವ ಕಂಪ್ಯೂಟರಿದ್ದರೆ ಟರ್ಮಿನಲ್ಲಿನಲ್ಲಿ ಫ್ಯಾಕ್ಟರ್ (factor) ಎಂಬ ಆಜ್ಞೆ ಕೊಟ್ಟು ಮುಂದೆ ಸಂಖ್ಯೆ ಹಾಕಿ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ತುಂಡುಗಳು ಬರುತ್ತವೆ. ಇಂಟರ್‌ನೆಟ್ಟೂ ಬೇಡ.

ಅದಕ್ಕಿಂತ ಮೇಲೆ ಹೋದರೆ ಒಂದು ವಿಚಿತ್ರ ಎದುರಾಗುತ್ತದೆ. ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಹೇಳುವುದು ಒಂದು ಕೆಲಸ, ಅದರ ತುಂಡುಗಳನ್ನು ಕೈಗೆ ಕೊಡುವುದು ಇನ್ನೊಂದು. ಮೊದಲನೆಯದು ಹೋಲಿಕೆಯಲ್ಲಿ ಸುಲಭ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಇದಕ್ಕೆ ಪಕ್ಕಾ ದಾರಿ ತೋರಿಸಿದರು, ಊಹೆಯ ಮಾತಿಲ್ಲದ ದಾರಿ. ಎರಡನೆಯದು ಇವತ್ತಿಗೂ ಕಷ್ಟ. 250 ಅಂಕಿಯ ಒಂದು ಸವಾಲಿನ ಸಂಖ್ಯೆಯನ್ನು 2020ರಲ್ಲಿ ಒಡೆದದ್ದು ಸಾವಿರಾರು ಕಂಪ್ಯೂಟರ್ ಪ್ರೊಸೆಸರ್‌ಗಳನ್ನು ತಿಂಗಳುಗಟ್ಟಲೆ ಓಡಿಸಿ. ಆನ್‌ಲೈನ್ ಬೀಗಗಳಲ್ಲಿ ಬಹಳಷ್ಟು ಈ ಕಷ್ಟವನ್ನೇ ನೆಚ್ಚಿಕೊಂಡಿವೆ.

ಹುಡುಗಿ ಊರಿಗೆ ಹೋಗುವಾಗ ಬೆಳಗಾವಿಯ 590001 ಬರೆದುಕೊಟ್ಟು ಕಳಿಸಿದ್ದೆ. ಎರಡು ದಿನ ಸುದ್ದಿ ಇಲ್ಲ. ಮೂರನೇ ದಿನ ಬೆಳಿಗ್ಗೆ, ನಾನಿನ್ನೂ ಹಲ್ಲುಜ್ಜುತ್ತಿದ್ದೆ, ಫೋನ್ ಬಂತು.

"ಮಾಮಾ, ಮೂರಕ್ಕ ಹೋತು. ಆಮ್ಯಾಲೆ 193ಕ್ಕ ಹೋತು. 1019 ಉಳದೈತಿ."

"ಅದನ್ನ ಇನ್ನೂ ಒಡೀಬೇಕೇನು?"

"ಬ್ಯಾಡ. ಅದರ ಬೇಲಿ 31ಕ್ಕ ಮುಗೀತೈತಿ, ನಾ 193ರ ತನಕ ನೋಡೀನಿ" ಎಂದು ಫೋನ್ ಇಟ್ಟಳು.